ದೊಡ್ಡವ್ವ ಸಿಂದಿ ಅಂಗಡಿಗೆ ಹೋದದ್ದು

ನಮ್ಮ ದೊಡ್ಡವ್ವ ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂತದ್ದನ್ನು ಕಂಡವರು ಈ ಭೂಮಿಯ ಮೇಲೆ ಯಾರೂ ಇಲ್ಲ ಎಂದು ನಮ್ಮ ಬಳಗದವರೆಲ್ಲ ಹೇಳುತ್ತಾರೆ. ಅದು ಸುಳ್ಳು. ನಾನು ಕಂಡಿದ್ದೇನೆ. ಎಲ್ಲಿ ಎಂದು ಮಾತ್ರ ಕೇಳಬೇಡಿ. ಹೋಗಲಿ, ಹೇಳಿಯೇ ಬಿಡುತ್ತೇನೆ. ಒಂದು ಬಾರಿನಲ್ಲಿ!

ಹುಬ್ಬು ಏರಿಸಬೇಡಿ. ನಾನು ಮಾನವಂತರ ಮನೆಯ ಹೆಣ್ಣುಮಗಳು, ಕುಕನೂರಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಸರಕಾರಿ ಟೀಚರು. ದೊಡ್ಡವ್ವ ನಮ್ಮವ್ವನ ಅಕ್ಕ, ಕೊಪ್ಪಳದಲ್ಲಿರುವವಳು. ಏಕಾದಶಿ, ಶ್ರಾವಣ ಸೋಮವಾರ ಒಂದನ್ನೂ ಬಿಡದವಳು. ಇಂಥ ಇಬ್ಬರು ಹೆಂಗಸರು ಹಾಡಹಗಲು ಮುಗಿಯುವ ಹೊತ್ತಿಗೆ ಕೈ ಕೈ ಹಿಡಿದುಕೊಂಡು ಬಾರಿನೊಳಗೆ ಹೋದದ್ದು ಯಾಕೆ ಎಂದು ತಿಳಿಯಬೇಕಾದರೆ ಮೊದಲು ದೊಡ್ಡವ್ವನ ಮಾತಿನ ಬಗ್ಗೆ ನಿಮಗೆ ತಿಳಿದಿರಬೇಕು.

ದೊಡ್ಡವ್ವನಿಗೆ ಮಾತಾಡಲು ಎದುರಿಗೆ ಮನುಷ್ಯರೇ ಇರಬೇಕೆಂದೇನೂ ಇಲ್ಲ. ಗ್ಯಾಸ್ ಸಿಲಿಂಡರ್ ಖಾಲಿಯಾದರೆ ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ. "ಮೊನ್ನೆರ ಬಂದೀಯವಾ, ಇಷ್ಟ ಲಗೂನ ಹೊಂಟಿಯೇನು? ಈ ಮನ್ಯಾಗ ನಿನಗೇನು ಕಡಿಮಿ ಮಾಡೇವಿ?" ಎಂದು ತವರಿಗೆ ಗಂಟು ಕಟ್ಟಿದ ಸೊಸೆಯನ್ನು ಕೇಳುವ ಹಾಗೆ ಕೇಳುತ್ತಾಳೆ. ಟಿವಿಯಲ್ಲಿ ಹವಾಮಾನ ಹೇಳುವ ಹುಡುಗಿಯ ಜೊತೆಗೂ ದಿನಾ ಜಗಳ. ಕರಾವಳಿಯಲ್ಲಿ ಭಾರೀ ಮಳೆ ಎಂದು ಆ ಹುಡುಗಿ ಹೇಳಿದರೆ ಇತ್ತಲಾಗೆ ಒಂದಿಷ್ಟು ಕಳಿಸಲು ನಿನಗೇನು ಧಾಡಿ ಎಂದು ಬೈಯುತ್ತಾಳೆ. ಬೈದ ಮೇಲೆ ಕರುಳು ಚುರುಕ್ ಎಂದು, ಎಷ್ಟು ಸೊರಗೀಯವ್ವಾ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಎಂದು ವಿಚಾರಿಸುತ್ತಾಳೆ. ಹುಡುಗಿ ಜಾಹೀರಾತಿಗೆ ಹೋಗಿಬಿಡುತ್ತಾಳೆ. ಉತ್ತರ ಕೊಡದೆ ಹೋದಳಲ್ಲ ಎಂದು ಮತ್ತೆ ಬೈಗುಳ.

ಇಷ್ಟೆಲ್ಲ ಮಾತಿಗೂ ಒಂದು ಮಂಗಳಾಚರಣೆ ಉಂಟು. "ನನ್ನನ್ನೇನೂ ಕೇಳಬ್ಯಾಡ್ರಿ, ನಾ ಏನೂ ಹೇಳಂಗಿಲ್ಲ." ಈ ಮಾತು ದೊಡ್ಡವ್ವನ ಬಾಯಿಂದ ಬಂತೆಂದರೆ ಬಲ್ಲವರು ಗೋಡೆಗೆ ಒರಗಿ ಕಾಲು ಚಾಚಿಕೊಳ್ಳುತ್ತಾರೆ. ಅದು ಮುಗಿಯುವ ಹೊತ್ತಿಗೆ ಅನ್ನಕ್ಕೆ ಇಟ್ಟ ಎಸರು ಆರಿಹೋಗಿರುತ್ತದೆ.

ನನ್ನನ್ನು ನೋಡಲು ಕುಷ್ಟಗಿಯಿಂದ ಗಂಡಿನವರು ಬಂದಾಗ ಹೀಗೇ ಆಯಿತು. ದೊಡ್ಡವ್ವನನ್ನು ಅಡುಗೆಮನೆಯಲ್ಲೇ ಕೂಡಿಹಾಕಬೇಕೆಂದು ನಮ್ಮಪ್ಪ ಎಷ್ಟೋ ಉಪಾಯ ಮಾಡಿದ. ಆದರೂ ಉಪ್ಪಿಟ್ಟಿನ ತಾಟಿನ ಹಿಂದೆಯೇ ಅವಳು ಹೊರಗೆ ಬಂದಳು. ನನ್ನನ್ನೇನೂ ಕೇಳಬೇಡಿ ಎಂದು ಸುರುಮಾಡಿ, ಹುಡುಗಿಗೆ ರೊಟ್ಟಿ ಬಡಿಯಲು ಬರುವುದಿಲ್ಲ, ಬಡಿದರೆ ಭಾರತದ ನಕಾಶೆ ಆಗುತ್ತದೆ, ಬೆಳಿಗ್ಗೆ ಮುಖಕ್ಕೆ ನೀರು ಗೊಜ್ಜಿ ಎಬ್ಬಿಸಬೇಕು, ಸಿಟ್ಟು ಬಂದರೆ ಮೂರು ದಿನ ಮುಖ ಊದಿಸಿಕೊಂಡಿರುತ್ತಾಳೆ ಎಂದು ನನ್ನ ಗುಣಗಳನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದಳು. ನಮ್ಮವ್ವ ಒಳಗೆ ಅಳುತ್ತಿದ್ದಳು. ಗಂಡು ಮಾತ್ರ ಅಲ್ಲೇ ಒಪ್ಪಿಬಿಟ್ಟಿತು! ಇನ್ನು ಮುಂದೆ ಗೊತ್ತಾಗುವುದೇನೂ ಉಳಿದಿಲ್ಲವಲ್ಲ, ಧೈರ್ಯ ಬಂತು ಎಂದು ನನ್ನ ಗಂಡ ಈಗಲೂ ಹೇಳುತ್ತಾನೆ.

ಇಂಥವಳಿಗೆ ದೇವರು ಎಂಥ ಗಂಡನನ್ನು ಕೊಡಬೇಕಿತ್ತು ಹೇಳಿ? ದೊಡ್ಡಪ್ಪ ರಸ್ತೆ ಕೆಲಸದ ರೋಲರ್ ಓಡಿಸುತ್ತಿದ್ದ. ಯಲಬುರ್ಗಾದ ಕಡೆಯ ಎಷ್ಟೋ ರಸ್ತೆಗಳು ಅವನ ಚಕ್ರದ ಕೆಳಗೆ ಸಪಾಟಾದವು. ಅವನ ಮಾತೂ ಆ ರೋಲರಿನ ಹಾಗೆಯೇ. ಏನಾದರೂ ಕೇಳಿದರೆ ಮೊದಲು ಎರಡು ಸಲ "ಹ್ಹಹಂ, ಹ್ಹಹಂ" ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಹಳೇ ಎಂಜಿನ್ನು ಚಾಲೂ ಆಯಿತು, ಇನ್ನೇನು ದೊಡ್ಡ ಮಾತೊಂದು ಬರುತ್ತದೆ ಎಂದು ನಾವೆಲ್ಲ ಕಾಯುತ್ತಿದ್ದೆವು. ಕೊನೆಗೆ ಬರುವುದು "ಹೂಂ".

ಗೋಡೆಗೆ ಹೇಳಿದರೆ ಗೋಡೆಯಾದರೂ ಒಂದು ಚೂರು ಸುಣ್ಣ ಉದುರಿಸುತ್ತದೆ, ಈ ಮನುಷ್ಯ ನನ್ನ ಒಂದು ಮಾತೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬುದು ದೊಡ್ಡವ್ವನ ಜೀವಮಾನದ ದೂರು. ಬೇರೆ ಯಾವ ದೂರೂ ಅವಳಿಗೆ ಅವನ ಮೇಲೆ ಇರಲಿಲ್ಲ. ಸಂಜೆಯಾದರೆ ಕೋಟೆ ಬೆಟ್ಟದ ಬುಡದ ಸಂದಿಯೊಳಗಿನ ಸಿಂದಿ ಅಂಗಡಿಗೆ ಹೋಗಿ, ಒಂದು ಗ್ಲಾಸು ಮುಗಿಸಿ, ಊಟದ ಹೊತ್ತಿಗೆ ಸರಿಯಾಗಿ ಬರುತ್ತಿದ್ದ. ಅದಕ್ಕೂ ಅವಳು ಜಗಳ ಮಾಡಿದವಳಲ್ಲ. ಆದರೆ ಸಂತೆಯಿಂದ ಬರುವಾಗ ಆ ಅಂಗಡಿಯ ಹಿಂದಿನ ಗೋಡೆ ದಾಟಿ ಬರಬೇಕಿತ್ತು. ಒಳಗಿನಿಂದ ಹತ್ತಾರು ಜನ ನಗುವ ಸದ್ದು ಕೇಳಿಸುತ್ತಿತ್ತು. ಅದರಲ್ಲಿ ದೊಡ್ಡಪ್ಪನ ನಗುವೂ ಇರುತ್ತಿತ್ತು. ಮನೆಯಲ್ಲಿ ಎಂದೂ ಹಲ್ಲು ತೋರಿಸದ ಮನುಷ್ಯ ಅಲ್ಲಿ ಗೋಡೆ ಅದುರುವ ಹಾಗೆ ನಗುತ್ತಿದ್ದ! ಕಾಯಿಪಲ್ಯದ ಚೀಲ ಕೆಳಗಿಟ್ಟು ಅವಳು ಎಷ್ಟೋ ಸಲ ಆ ಗೋಡೆಯ ಹತ್ತಿರ ನಿಂತು ಕೇಳಿದ್ದಳಂತೆ. ನಗು ಕೇಳಿಸುತ್ತಿತ್ತೇ ಹೊರತು ಮಾತು ತಿಳಿಯುತ್ತಿರಲಿಲ್ಲ.

ದೊಡ್ಡಪ್ಪ ತೀರಿಕೊಂಡು ಎರಡು ವರ್ಷದ ಮೇಲಾಯಿತು. ಆಮೇಲೊಂದು ದಿನ ಹಾಲಿನವನು ಸುದ್ದಿ ತಂದ. ಸಿಂದಿ ಅಂಗಡಿಯ ಮಾಲೀಕ ಹಳೇ ಕಟ್ಟಡ ಕೆಡವಿ, ಹೈವೇ ಮೇಲೆ ಏಸಿ ಹಾಕಿದ ಹೊಸ ಬಾರ್ ಮಾಡುತ್ತಾನಂತೆ. ಅವತ್ತೇ ದೊಡ್ಡವ್ವ ನನಗೆ ಫೋನ್ ಮಾಡಿ, ಶನಿವಾರ ಸಾಲಿ ಬಿಟ್ಟ ಮೇಲೆ ಬಾ, ಸಿಂದಿ ಅಂಗಡಿಗೆ ಹೋಗೋಣ ಎಂದಳು. ನಾನು ಚಹಾ ಕುಡಿಯುತ್ತಿದ್ದೆ, ಅದು ಮೂಗಿಗೆ ಹತ್ತಿತು.

ನನ್ನ ತಮ್ಮಂದಿರನ್ನು ಕರೆದುಕೊಂಡು ಹೋಗಬಾರದೇ ಎಂದೆ. ಗಂಡು ಹುಡುಗರನ್ನು ಕರೆದುಕೊಂಡು ಹೋದರೆ ಅವರು ಅಲ್ಲೇ ಉಳಿದುಬಿಡುತ್ತಾರೆ ಎಂದಳು. ನನ್ನ ಮರ್ಯಾದೆ, ನೌಕರಿ, ಮಕ್ಕಳ ಪಾಲಕರು ಎಂದು ಏನೇನೋ ಹೇಳಿದೆ. ಎಲ್ಲವನ್ನೂ ಕೇಳಿ, ಎಂದೂ ಇಲ್ಲದ ಸಣ್ಣ ದನಿಯಲ್ಲಿ ಒಂದು ಮಾತು ಹೇಳಿದಳು. "ಅಂವ ಅಲ್ಲಿ ಏನಂತ ನಗತಿದ್ದ, ನನಗ ಗೊತ್ತಾಗಬೇಕು ತಂಗಿ. ಅಂಗಡಿ ಕೆಡವಿದ ಮ್ಯಾಲೆ ನಾ ಯಾರನ್ನ ಕೇಳಲಿ?"

ಆಮೇಲೆ ನಾನು ಬರುವುದಿಲ್ಲ ಎನ್ನಲು ಆಗಲಿಲ್ಲ.

ಶನಿವಾರ ನಾನು ಹೋಗುವಷ್ಟರಲ್ಲಿ ದೊಡ್ಡವ್ವ ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು. ಕೈಯಲ್ಲಿ ದೊಡ್ಡದೊಂದು ಡಬ್ಬಿ. ಅದರ ತುಂಬ ಬಿಸಿ ಮೆಣಸಿನಕಾಯಿ ಭಜಿ! ಇದೇನು ಗೃಹಪ್ರವೇಶವೇ ಎಂದರೆ, ಮೊದಲನೇ ಸಲ ಹೋಗುವಲ್ಲಿಗೆ ಬರಿಗೈಯಲ್ಲಿ ಹೇಗೆ ಹೋಗುವುದು ಎಂದು ನನಗೇ ತಿರುಗಿ ಕೇಳಿದಳು. ಆಟೋದವನು ಸಂದಿಯ ಬಾಯಿಯಲ್ಲಿ ಇಳಿಸಿ, ಮುಂದೆ ಗಾಡಿ ಹೋಗುವುದಿಲ್ಲ, ಯಾರ ಮನೆಗೆ ಎಂದು ಕೇಳಿದ. ನಾನು ಕೆಮ್ಮಿದೆ. ಸಿಂದಿ ಅಂಗಡಿಗೆ ಎಂದು ದೊಡ್ಡವ್ವ ಸಂದಿಗೆಲ್ಲ ಕೇಳಿಸುವ ಹಾಗೆ ಹೇಳಿದಳು. ಅವನು ಬಾಡಿಗೆ ಇಸಿದುಕೊಳ್ಳುವುದನ್ನೇ ಮರೆತು ನಮ್ಮನ್ನು ನೋಡುತ್ತ ನಿಂತ.

ನಿಜಾಮರ ಕಾಲದಲ್ಲಿ ಅಲ್ಲಿ ಸಿಂದಿ ಮಾರುತ್ತಿದ್ದರಂತೆ. ಈಗ ನಿಜಾಮರೂ ಇಲ್ಲ, ಸಿಂದಿಯೂ ಇಲ್ಲ, ಬಾಗಿಲ ಮೇಲೆ ಬಾರ್ ಎಂದು ಮಿಣಮಿಣ ಎನ್ನುವ ಬೋರ್ಡು ಬಂದಿದೆ. ಊರವರ ಬಾಯಲ್ಲಿ ಮಾತ್ರ ಅದು ಇನ್ನೂ ಸಿಂದಿ ಅಂಗಡಿಯೇ. ಕಲ್ಲಿನ ಕಮಾನು, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕಾದ ಬಾಗಿಲು, ಅಂಗಳದಲ್ಲೊಂದು ಬೇವಿನ ಮರ, ಅದರ ಸುತ್ತ ಕೂತು ಕೂತು ನುಣುಪಾದ ಕಲ್ಲಿನ ಕಟ್ಟೆ. ಹನುಮನಹಳ್ಳಿಯ ಕಡೆ ಬೆಟ್ಟ ಹತ್ತಲು ಬಂದ ಪರವೂರಿನವರು ಕೆಲವರು ಇಲ್ಲಿಗೂ ಬಂದು ಕಮಾನಿನ ಫೋಟೋ ಹೊಡೆದುಕೊಳ್ಳುತ್ತಾರೆ. ಆಗ ಒಳಗಿನ ಗಿರಾಕಿಗಳೆಲ್ಲ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ ಎಂದು ಕೇಳಿದ್ದೆ.

ನಮ್ಮನ್ನು ಕಂಡಾಗ ಟವೆಲ್ಲಿಗೂ ಪುರಸೊತ್ತು ಸಿಗಲಿಲ್ಲ. ಒಬ್ಬ ಗ್ಲಾಸನ್ನು ಬೆಂಚಿನ ಕೆಳಗಿಟ್ಟ. ಒಬ್ಬ ಟೋಪಿಯೊಳಗೆ ಇಟ್ಟ. ಮೂಲೆಯಲ್ಲಿದ್ದವರೊಬ್ಬರು ಮೆನು ಕಾರ್ಡನ್ನು ತಲೆಕೆಳಗಾಗಿ ಹಿಡಿದು ಬಹಳ ಶ್ರದ್ಧೆಯಿಂದ ಓದತೊಡಗಿದರು. ಆ ಬೋಳು ತಲೆಯನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡೆ. ನಮ್ಮ ಹೆಡ್ ಮಾಸ್ತರರು! ಅವತ್ತಿನಿಂದ ಇವತ್ತಿನವರೆಗೆ ಅವರು ನನ್ನ ರಜೆ ಅರ್ಜಿಗೆ ಕಾರಣ ಕೇಳಿಲ್ಲ.

ಮಾಲೀಕ ಓಡಿ ಬಂದ. ಅಲ್ಲಿಗೆ ಹೆಂಗಸರು ಬರುವುದೆಂದರೆ ಗಂಡನನ್ನು ಎಳೆದುಕೊಂಡು ಹೋಗಲಿಕ್ಕೆ ತಾನೇ? "ಯಾರನ್ನ ಹುಡುಕಾಕ ಬಂದೀರಿ ಅವ್ವಾರ?" ಎಂದು ಕೈಮುಗಿದ.

"ಹುಡುಕೋ ಮನಿಷಾ ಹೋಗ್ಯಾನ ಬಿಡ್ರಿ," ಎಂದಳು ದೊಡ್ಡವ್ವ. "ರೋಲರ್ ಓಡಸ್ತಿದ್ದನಲ್ಲ, ಅಂವ ಕುಂದರೋ ಜಾಗಾ ಎಲ್ಲೈತಿ, ತೋರಸ್ರಿ."

ಬೇವಿನ ಮರಕ್ಕೆ ತಾಗಿದ ಕಟ್ಟೆಯ ತುದಿಯನ್ನು ಅವನು ತೋರಿಸಿದ. ಅಲ್ಲಿದ್ದ ಇಬ್ಬರು ಸರಕ್ಕನೆ ಎದ್ದರು. ದೊಡ್ಡವ್ವ ಸೆರಗಿನಿಂದ ಕಲ್ಲು ಒರೆಸಿ ಕೂತು, ನನ್ನನ್ನೂ ಕೂಡಿಸಿಕೊಂಡು, ಡಬ್ಬಿ ಬಿಚ್ಚಿದಳು. ಭಜಿಯ ವಾಸನೆಗೆ ಗಿರಾಕಿಗಳು ಒಬ್ಬೊಬ್ಬರೇ ಹತ್ತಿರ ಬಂದರು. ತಿನ್ನುವ ತನಕ ಎಲ್ಲ ಚೆನ್ನಾಗಿತ್ತು. ನಮ್ಮ ಮನೆಯವರು ಇಲ್ಲಿ ಏನೆಂದು ನಗುತ್ತಿದ್ದರು ಎಂದು ದೊಡ್ಡವ್ವ ಕೇಳಿದ್ದೇ ತಡ, ಎಲ್ಲರೂ ನೆಲ ನೋಡತೊಡಗಿದರು. ಸುಮ್ಮನೆ ಏನೋ ಮಾತು ಎಂದ ಒಬ್ಬ. ರಾಜಕೀಯದ ಮಾತು ಎಂದ ಇನ್ನೊಬ್ಬ. ಹೇಳಲಾಗದಂಥದ್ದು ಏನೋ ಇದೆ, ಇದನ್ನು ಕೇಳಿಕೊಂಡು ದೊಡ್ಡವ್ವ ಮುಂದಿನ ದಿನಗಳನ್ನು ಹೇಗೆ ಕಳೆಯುತ್ತಾಳೆ ಎಂದು ಹೆದರಿದೆ. ಏಳು ಹೋಗೋಣ ಎಂದು ಅವಳ ಮೊಣಕೈ ಹಿಡಿದೆ.

ಅವಳು ಕೈ ಕೊಡವಿಕೊಂಡಳು. ಸಿಟ್ಟು ಬಂದಿತ್ತು. ಎದ್ದು ಸೊಂಟದ ಮೇಲೆ ಕೈಯಿಟ್ಟು, "ಆತು, ನನ್ನನ್ನೇನೂ ಕೇಳಬ್ಯಾಡ್ರಿ, ನಾ ಏನೂ ಹೇಳಂಗಿಲ್ಲ..." ಎಂದು ಸುರುಮಾಡಿದಳು.

ಅಷ್ಟೇ. ಟೋಪಿಯೊಳಗೆ ಗ್ಲಾಸಿಟ್ಟಿದ್ದ ಮುದುಕ ಫಕ್ಕನೆ ನಕ್ಕ. ಅವನನ್ನು ನೋಡಿ ಪಕ್ಕದವನು ನಕ್ಕ. ಬಾಯಲ್ಲಿ ಭಜಿ ಇದ್ದವರು ಕೆಮ್ಮುತ್ತ ನಕ್ಕರು. ಮಾಲೀಕ ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ನಕ್ಕ. ಮೂಲೆಯಲ್ಲಿ ಮೆನು ಕಾರ್ಡು ಗಡಗಡ ನಡುಗುತ್ತಿತ್ತು. ದೊಡ್ಡವ್ವ ಹಾಗೇ ನಿಂತುಬಿಟ್ಟಳು.

ಟೋಪಿಯ ಮುದುಕ ಬಟ್ಟೆ ಹೊಲಿಯುವವನು, ದೊಡ್ಡಪ್ಪನ ಪಕ್ಕದಲ್ಲೇ ದಿನಾ ಕೂರುತ್ತಿದ್ದವನು. ಅವನು ಕಣ್ಣೊರೆಸಿಕೊಳ್ಳುತ್ತ ಮುಂದೆ ಬಂದ. "ತಪ್ಪು ತಿಳಕೋಬ್ಯಾಡ್ರಿ ಅಕ್ಕಾರ. ನಿಮ್ಮ ಮನಿಯವರು ದಿನಾ ಇಲ್ಲಿ ಬಂದು ನಿಮ್ಮ ಮಾತ ಮಾಡಿ ತೋರಸ್ತಿದ್ರು. ಅದಕ್ಕ ನಗತಿದ್ವಿ."

ಮುಂದಿನದನ್ನು ಒಬ್ಬರಿಗಿಂತ ಒಬ್ಬರು ಮುಂದಾಗಿ ಹೇಳಿದರು. ಸಿಲಿಂಡರಿನ ಜಗಳ ಅವರಿಗೆ ಗೊತ್ತಿತ್ತು. ಹವಾಮಾನದ ಹುಡುಗಿ ಸೊರಗಿದ್ದು ಗೊತ್ತಿತ್ತು. ದೊಡ್ಡವ್ವ ಬಸ್ಸಿನ ಕಂಡಕ್ಟರನಿಗೆ ಹೆಣ್ಣು ಹುಡುಕಿದ್ದು, ಬೆಕ್ಕಿಗೆ ಬುದ್ಧಿ ಹೇಳಿದ್ದು, ಎಲ್ಲ ಗೊತ್ತಿತ್ತು. ದೊಡ್ಡಪ್ಪ ಬೆಳಗಿನಿಂದ ಮನೆಯಲ್ಲಿ ಕೇಳಿದ್ದನ್ನೆಲ್ಲ ಸಂಜೆ ಇಲ್ಲಿ ತಂದು, ಹೆಗಲ ಮೇಲಿನ ಟವೆಲ್ಲನ್ನು ಸೆರಗು ಮಾಡಿ ಹೊದ್ದುಕೊಂಡು, ಆಡಿ ತೋರಿಸುತ್ತಿದ್ದನಂತೆ. ಅವನು ಬರದ ದಿನ ಅಂಗಡಿ ಬಣ್ಣವಿಲ್ಲದ ನಾಟಕದ ಹಾಗೆ ಇರುತ್ತಿತ್ತು ಎಂದ ಮಾಲೀಕ. ಅಷ್ಟರಲ್ಲಿ ಒಬ್ಬ ನನ್ನನ್ನೇ ದಿಟ್ಟಿಸಿ ನೋಡಿ, "ರೊಟ್ಟಿ ಬಡದ್ರ ನಕಾಶೆ ಆಗೋ ಟೀಚರು ನೀವ ಏನ್ರಿ?" ಎಂದ. ಮೆನು ಕಾರ್ಡಿನ ಹಿಂದಿನಿಂದ ಹೆಡ್ ಮಾಸ್ತರರ ನಗು ಈ ಸಲ ಗಟ್ಟಿಯಾಗಿಯೇ ಕೇಳಿಸಿತು.

ಈಗ ದೊಡ್ಡವ್ವ ಅಂಗಡಿಯನ್ನು ಕೆಡವುವ ಕೆಲಸ ತಾನೇ ಮುಗಿಸುತ್ತಾಳೆ ಎಂದು ನಾನು ಡಬ್ಬಿಯ ಮುಚ್ಚಳ ಹುಡುಕತೊಡಗಿದೆ. ಅವಳು ಮೆಲ್ಲಗೆ ಕಟ್ಟೆಯ ಮೇಲೆ ಕೂತಳು. "ಹೆಂಗ ಮಾಡತಿದ್ರು? ಒಂದೀಟು ಮಾಡಿ ತೋರಸ್ರಿ," ಎಂದಳು.

ಮುದುಕ ನಾಚಿಕೊಂಡ. ಎಲ್ಲರೂ ಒತ್ತಾಯ ಮಾಡಿದ ಮೇಲೆ ಟವೆಲ್ಲನ್ನು ತಲೆಯ ಮೇಲೆ ಎಳೆದುಕೊಂಡು, ಸೊಂಟದ ಮೇಲೆ ಕೈಯಿಟ್ಟು, ಖಾಲಿ ಬಾಟಲಿಯೊಂದನ್ನು ಸಿಲಿಂಡರ್ ಮಾಡಿಕೊಂಡು ನಿಂತ. ಮಾತು ದೊಡ್ಡವ್ವನದೇ. ಆದರೆ ಮುದುಕ ಮಾಡುತ್ತಿದ್ದದ್ದು ದೊಡ್ಡವ್ವನನ್ನಲ್ಲ. ದೊಡ್ಡವ್ವನನ್ನು ಮಾಡುತ್ತಿದ್ದ ದೊಡ್ಡಪ್ಪನನ್ನು. ಹಾಗಾಗಿ ಮಾತು ಸುರುವಾಗುವ ಮೊದಲು, "ಹ್ಹಹಂ, ಹ್ಹಹಂ" ಎಂದು ಎರಡು ಸಲ ಗಂಟಲು ಸರಿಮಾಡಿಕೊಂಡ. ಆಮೇಲೆ ರೋಲರಿನ ಹಾಗೆ ನಿಧಾನವಾಗಿ, ಒಂದೊಂದೇ ಮಾತನ್ನು ಹದವಾಗಿ ಒತ್ತಿ, "ಈ ಮನ್ಯಾಗ... ನಿನಗೇನು... ಕಡಿಮಿ ಮಾಡೇವಿ?" ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಪಕ್ಕಕ್ಕೆ ತಿರುಗಿದರೆ ದೊಡ್ಡವ್ವ ಸುಮ್ಮನೆ ಕೂತಿದ್ದಳು. ಬಾಯಿ ಅರ್ಧ ತೆರೆದಿತ್ತು, ಒಂದು ಮಾತೂ ಬರುತ್ತಿರಲಿಲ್ಲ. ಅಂಗಡಿಯವರ ನಗು ತಾನಾಗಿಯೇ ನಿಂತಿತು. ಬಹಳ ಹೊತ್ತಾದ ಮೇಲೆ ಅವಳು, ಇನ್ನೊಮ್ಮೆ ಮಾಡಿ ಎಂದು ಮುದುಕನಿಗೆ ಕೈಸನ್ನೆ ಮಾಡಿದಳು. ಅವನು ಇನ್ನೊಮ್ಮೆ ಮಾಡಿದ. ಗಂಟಲು ಸರಿಮಾಡಿಕೊಳ್ಳುವುದನ್ನು ಮಾತ್ರ ಮತ್ತೊಮ್ಮೆ ಮಾಡಿಸಿಕೊಂಡಳು.

ವಾಪಸು ಬರುವಾಗ ಆಟೋದಲ್ಲಿ ಅವಳು ತುಟಿ ಬಿಚ್ಚಲಿಲ್ಲ. ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿದ್ದಳು. ನನಗೆ ದುಃಖ ಉಕ್ಕಿ ಬರುತ್ತಿತ್ತು. ಅವಳ ಕೈ ಹಿಡಿದುಕೊಂಡು ಕೂತೆ. ಮನೆಯ ಬಾಗಿಲಲ್ಲಿ ಇಳಿದ ಮೇಲೆ ಬೀಗ ತೆಗೆಯಲು ಹೋಗಿ ತೆಗೆಯದೆ ನಿಂತಳು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಮುಖ ಮಾತ್ರ ಮದುವೆಯ ಹುಡುಗಿಯ ಹಾಗೆ ಅರಳಿತ್ತು.

"ಕೇಳತಿದ್ದ ನೋಡ ತಂಗಿ," ಎಂದಳು. "ಎಲ್ಲಾ ಕೇಳತಿದ್ದ."