ಮೈಯೊಳಗಿನ ಕಾವಲುಗಾರರು

ಹಳಿಯಾಳದ ಕಡೆಯ ಆರೋಗ್ಯ ಕೇಂದ್ರದಲ್ಲಿ ನಾನು ನರ್ಸ್. ಸೂಜಿ ಚುಚ್ಚುವ ಮೊದಲು ಪಾಠ ಮಾಡುವ ಚಟ ನನಗೆ. ಪಾಠ ಮಾಡಿದಾಗಲೆಲ್ಲ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ.

ಬಾಡಿಗೆಯವರು

ಗೋವಿನಜೋಳದ ಹೊಲ ಕಾಯುವ ಅಜ್ಜನ ಕಾಲನ್ನು ಬೀದಿನಾಯಿಯೊಂದು ಕಚ್ಚಿ ಓಡಿಹೋಗಿತ್ತು. ಹುಚ್ಚುನಾಯಿ ರೋಗ ಬಂತೆಂದರೆ ಮುಗಿಯಿತು, ಮದ್ದಿಲ್ಲ. ಗಾಯ ತೊಳೆದು, ಅದರ ಸುತ್ತ ಒಂದು ಸೂಜಿ, ತೋಳಿಗೊಂದು ಸೂಜಿ ಕೊಟ್ಟೆ.

“ಎರಡ್ಯಾಕ್ರೀ ಅಕ್ಕಾರ?”

“ಗಾಯಕ್ಕ ಹಾಕಿದ್ದು ತಯಾರಾಗಿ ಬಂದ ಪ್ರತಿಕಾಯ. ಬಾಡಿಗಿ ಕಾವಲುಗಾರರು ಅನ್ಕೋರಿ, ಸ್ವಲ್ಪ ದಿನ ಇದ್ದು ಹೋಗ್ತಾರ. ತೋಳಿಗೆ ಹಾಕಿದ್ದು ಲಸಿಕೆ. ಅದರಿಂದ ನಿಮ್ಮ ಮೈ ತನ್ನ ಸ್ವಂತ ಕಾವಲುಗಾರರನ್ನ ತಯಾರ ಮಾಡೂದು ಕಲೀತೈತಿ. ಅದಕ್ಕ ಹೇಳಿದ ದಿನ ಬಂದು ಎಲ್ಲಾ ಸೂಜಿ ತಗೋಬೇಕು.”

“ಲಗೂನ ಕಲಸ್ರಿ. ಬಾಡಿಗಿ ಮಂದಿ ನಿದ್ದಿ ಹೊಡೀತಾರ!”

ಬದಲಿ ಪಾಳಿ

ಮುಂದಿನ ಸೂಜಿಯ ದಿನ ಅಜ್ಜನ ಪತ್ತೆಯಿಲ್ಲ. ಅವನ ಹೆಂಡತಿ ಅಜ್ಜಿ ಬಂದು, ಸೆರಗು ಸರಿಸಿ ತೋಳು ಮುಂದೆ ಮಾಡಿದಳು.

“ನಿಮಗೂ ನಾಯಿ ಕಚ್ಚಿತೇನ?”

“ಇಲ್ರೀ. ಮಂಗ್ಯಾಗೋಳ ಕಾಟ, ನಮ್ಮನಿಯವರು ಹೊಲದ ಕಾವಲಿನ ಅಟ್ಟಾ ಬಿಟ್ಟು ಇಳ್ಯಾಕ ಒಲ್ಲರು. ಅವರಿಗೆ ಆಗದಿದ್ರ ಹೊಲದಾಗ ಅವರ ಪಾಳಿ ನಾನ ಕಾಯ್ತೇನಿ. ಇದೂ ಕಾವಲಾ ಅಂದ್ರಂತಲ್ಲಾ? ಹಾಕ್ರಿ.”

ನಗು ಬಂತು, ಮರುಕ್ಷಣ ಸೂಜಿ ತಪ್ಪಿಸಿಕೊಂಡ ಅಜ್ಜನ ನೆನಪಾಯಿತು. “ಆಯೀ, ನಿಮ್ಮ ಮೈಯಾಗಿನ ಕಾವಲುಗಾರರು ಅವರ ಮೈ ಕಾಯಂಗಿಲ್ಲ!” ಎಂದು ಲಸಿಕೆಯ ಡಬ್ಬಿ ಹಿಡಿದು ನಾನೇ ಹೊರಟೆ.

“ಹಂಗಾರ ನಡೀರಿ, ನಾ ಅಟ್ಟಾ ಹತ್ತತೇನಿ. ನೀವು ಆ ಮಂಗ್ಯಾನ್ನ ಕೆಳಗ ಇಳಸ್ರಿ!”

ನನ್ನ ಸರದಿ

ಅಜ್ಜ ಇಳಿದ, ಸೂಜಿಯನ್ನೂ ಹಾಕಿಸಿಕೊಂಡ. ಡಬ್ಬಿ ಮುಚ್ಚುವಷ್ಟರಲ್ಲಿ ಎಲ್ಲಿತ್ತೋ ಒಂದು ನಾಯಿ, ನನ್ನ ಹಿಮ್ಮಡಿಗೇ ಬಾಯಿ ಹಾಕಿತು. ಅಜ್ಜ ಸೋಪು ಹಚ್ಚಿ ಗಾಯ ತೊಳೆದು, ಕೈಹಿಡಿದು ನನ್ನನ್ನು ಆರೋಗ್ಯ ಕೇಂದ್ರಕ್ಕೆ ಕರೆತಂದ.

ಊರಿಗೆಲ್ಲ ಚುಚ್ಚುವ ನನಗೆ ನನ್ನ ತೋಳಿಗೆ ಸೂಜಿ ಎಂದರೆ ಜೀವ ಹೋಗುತ್ತದೆ. ಡಾಕ್ಟರು ಸಿರಿಂಜ್ ಎತ್ತಿದ ಕೂಡಲೇ, “ನಾಳೆ ತಗೊಂತೇನ್ರಿ ಸರ್” ಎಂದೆ.

ಅಜ್ಜ ಗದರಿದ. “ನಾಳೆ ಅಂದ್ರ ಹೆಂಗ್ರೀ? ಒಳಗಿನವರು ತಯಾರಾಗೂದು ಯಾವಾಗ?” ನನ್ನ ಪಾಠವನ್ನೆಲ್ಲ ಒಂದಕ್ಷರ ಬಿಡದೆ ನನಗೇ ಒಪ್ಪಿಸಿದ. ಆದರೂ ನಾನು ಕಣ್ಣುಮುಚ್ಚಿ ತೋಳನ್ನು ಬೆನ್ನ ಹಿಂದೆ ಅಡಗಿಸಿದೆ.

ಅಜ್ಜನಿಗೆ ಕರುಳು ಚುರುಕ್ಕೆಂದಿರಬೇಕು. ಅಂಗಿಯ ತೋಳು ಮೇಲೇರಿಸಿ ಡಾಕ್ಟರ ಮುಂದೆ ಕೂತೇಬಿಟ್ಟ.

“ಪಾಪ, ಅಂಜ್ಯಾರ. ಹಾಕ್ರಿ ಸಾಹೇಬ್ರ, ಅಕ್ಕಾರ ಪಾಳಿ ನಾ ಕಾಯ್ತೇನಿ!”