ಸೀಟಿನ ಮೂಲಪುರಾಣ

ನಿವೃತ್ತನಾದ ಮೇಲೆ ಇಂಗ್ಲಿಷ್ ಪದಗಳ ಹುಟ್ಟು ಹುಡುಕುವ ಹವ್ಯಾಸಕ್ಕೆ ಬಿದ್ದೆ. ಆ ವಾರ ಕೈಗೆ ಸಿಕ್ಕಿದ್ದು ‘ಸೀಟು’. ಅಷ್ಟರಲ್ಲಿ ಭಾನುವಾರ ಬಂತು. ನನ್ನ ಹೆಂಡತಿ ಸರೋಜಳ ತಂಗಿಯ ಮಗಳಿಗೆ ನರಸೀಪುರದಲ್ಲಿ ಸೀಮಂತ. ಹನ್ನೊಂದಕ್ಕೆ ಶಾಸ್ತ್ರ, ಬಸುರಿ ಉಡಬೇಕಾದ ಸೀರೆ ನಮ್ಮ ಬ್ಯಾಗಿನಲ್ಲಿ.

ಅಶೋಕಪುರಂನಿಂದ ಆಟೋ ಹಿಡಿದು ಬಸ್ ನಿಲ್ದಾಣ ಸೇರಿದೆವು. ಬಸ್ಸು ಬಂದೊಡನೆ ಜನ ಬಾಗಿಲಿಗೆ ಮುಗಿಬಿದ್ದರು. ಸರೋಜಳಿಗೆ ಮಂಡಿನೋವು, ನಿಂತು ಹೋಗುವಂತಿಲ್ಲ. ನಾನು ಶಾಸ್ತ್ರೋಕ್ತವಾಗಿ ಕಿಟಕಿಯಿಂದ ಬ್ಯಾಗು ತೂರಿಸಿ ಎರಡು ಸೀಟು ಹಿಡಿದೆ. ಕರ್ಚೀಫಿಗೇ ಮರ್ಯಾದೆ ಕೊಡುವ ಜನ ನಮ್ಮವರು, ಬ್ಯಾಗಿಗೆ ಕೊಡುವುದಿಲ್ಲವೇ?

“ನಡೀರಿ, ಹತ್ತೋಣ,” ಎಂದಳು ಸರೋಜ.

“ಅವಸರ ಯಾಕೆ? ಸೀಟು ನಮ್ದೇ. ನೂಕಾಟ ಮುಗೀಲಿ.”

ಪಕ್ಕದಲ್ಲಿ ಬೇರೆ ಬಸ್ಸಿಗೆ ಕಾಯುತ್ತಿದ್ದ ಉದಯಗಿರಿಯ ಮೆಕ್ಯಾನಿಕ್ ಒಬ್ಬರು ನಕ್ಕರು. ಯಾರಾದರೂ ನಕ್ಕರೆ ಸಾಕು, ನನಗೆ ಸಭೆ ಸೇರಿದಂತೆ.

“ಈ ಸೀಟು ಅನ್ನೋ ಪದ ಇದ್ಯಲ್ಲ ಸ್ವಾಮಿ, ಉತ್ತರ ಯುರೋಪಿನ ಹಳೇ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು. ಮೊದ್ಲು ಬರೀ ಕೂರೋ ಜಾಗ. ಆಮೇಲೆ ಕೂತೋರಿಗೆ ಅಧಿಕಾರ ಬಂತು. ಅದಕ್ಕೇ ಎಮ್ಮೆಲ್ಲೆ ಸೀಟು, ಮೆಡಿಕಲ್ ಸೀಟು...”

“ಸಾರ್, ಬಸ್ಸು...”

“ಬಸ್ ಸೀಟಿಗೂ ಬರ್ತೀನಿ, ತಾಳಿ.”

“ಬಸ್ಸು ಹೊಂಟೋಯ್ತು ಕಣ್ರೀ!” ಎಂದು ಕೂಗಿದಳು ಸರೋಜ.

ತಿರುಗಿ ನೋಡಿದೆ. ನಮ್ಮ ಬ್ಯಾಗು ಕಿಟಕಿ ಪಕ್ಕ ಆರಾಮಾಗಿ ಕೂತು ನರಸೀಪುರಕ್ಕೆ ಹೊರಟಿತ್ತು. ಓಡಿದೆ. ಹತ್ತನೇ ಹೆಜ್ಜೆಗೆ ಚಪ್ಪಲಿ ಕಿತ್ತುಹೋಯಿತು. ಇಂಗು ತಿಂದ ಮಂಗನಂತೆ ವಾಪಸ್ ಬಂದೆ.

ನಿಲ್ದಾಣದವರು ಪುಣ್ಯಾತ್ಮರು, ಫೋನು ಮಾಡಿ ಬ್ಯಾಗನ್ನು ನರಸೀಪುರದಲ್ಲಿ ಇಳಿಸಿಕೊಳ್ಳಲು ಹೇಳಿದರು. ಮುಂದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸರೋಜ ದಾರಿಯುದ್ದಕ್ಕೂ ನಿಂತೇ ಬಂದಳು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ನರಸೀಪುರ ತಲುಪಿದಾಗ ಹತ್ತೂವರೆ. ಬ್ಯಾಗು ನಿಲ್ದಾಣದ ಅಧಿಕಾರಿಯ ಮೇಜಿನ ಮೇಲಿತ್ತು.

“ನಿಮ್ದೇ ಅನ್ನೋಕೆ ಗುರುತೇನು? ಒಳಗೇನೈತೆ?” ಎಂದರು ಅವರು.

“ಸೀರೆ,” ಎಂದೆ.

“ಯಾವ ಬಣ್ಣ?”

ಒಂದು ಪದದ ನೂರಾರು ವರ್ಷಗಳ ಜಾತಕ ಬಲ್ಲ ನಾನು ಕಣ್ಣು ಕಣ್ಣು ಬಿಟ್ಟೆ.

ಕೊನೆಗೂ ಸರೋಜ ಬಾಯಿ ತೆರೆದಳು. “ಗಿಳಿಹಸಿರು, ಕೆಂಪು ಅಂಚು, ಜೊತೇಲಿ ಎರಡು ಡಜನ್ ಬಳೆ. ಬ್ಯಾಗು ಕೊಟ್ಬುಡಿ. ಬೇಕಾದ್ರೆ ಇವರನ್ನ ಇಟ್ಕೊಳ್ಳಿ.”

ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

“ಬ್ಯಾಡ ಕಣಮ್ಮ. ಇಲ್ಲಿ ಜಾಗ ಇಲ್ಲ.”