ಅಮ್ಮನ ಕಣ್ಣಿನ ಡ್ರಾಪ್ಸ್‌ನಲ್ಲಿರುವ ಬಫರ್ ಅವರಿಗೆ

ಮಾನ್ಯರೇ,

ಆಮ್ಲ ಬಂದರೆ ಆಮ್ಲವನ್ನೂ ಕ್ಷಾರ ಬಂದರೆ ಕ್ಷಾರವನ್ನೂ ತುಟಿಪಿಟಕ್ಕೆನ್ನದೆ ನುಂಗಿಕೊಂಡು, ದ್ರಾವಣದ ಹದ ಕೆಡದಂತೆ ಕಾಯುವ ತಮ್ಮ ಸನ್ನಿಧಿಗೆ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಕ್ಷೇಮವಾಗಿರುವುದೇ ತಮ್ಮ ಉದ್ಯೋಗ. ಅದೇ ಉದ್ಯೋಗವನ್ನು ಯಾರೂ ನೇಮಿಸದೆ ನಮ್ಮ ಮನೆಯಲ್ಲಿ ಮಾಡುತ್ತಿರುವ ನಾನು ಮಾತ್ರ ಅಷ್ಟು ಕ್ಷೇಮವಾಗಿಲ್ಲವೆಂದು ತಿಳಿಸುವುದಕ್ಕೇ ಈ ಪತ್ರ.

ನಮ್ಮ ಯಜಮಾನರು ತಮಗೆ ಪರಿಚಿತರು. ಕಾರ್ಖಾನೆಯಲ್ಲಿ ತಮ್ಮನ್ನು ತೂಗಿ, ಕರಗಿಸಿ, ಕಣ್ಣಿನ ಔಷಧಿಗೆ ಬೆರೆಸುವವರು ಅವರೇ. ಔಷಧಿಯನ್ನು ಕಣ್ಣೀರಿನ ಹದಕ್ಕೆ ಹತ್ತಿರ ತಂದು ಉರಿ ತಪ್ಪಿಸುವವರು ತಾವು, ಅದು ಸೀಸೆಯಲ್ಲೇ ಕೆಡದಂತೆ ನೋಡಿಕೊಳ್ಳುವವರೂ ತಾವು ಎಂದು ಊಟಕ್ಕೆ ಕೂತಾಗಲೆಲ್ಲ ಅವರು ಹೇಳುವುದರಿಂದ ತಮ್ಮ ಗುಣಗಾನ ನನಗೆ ಬಾಯಿಪಾಠವಾಗಿದೆ. ಹೀಗಿರುವಾಗ, ಕಣ್ಣಿನ ಆಪರೇಷನ್ ಮಾಡಿಸಿಕೊಂಡು ನಮ್ಮಲ್ಲಿಗೆ ಬಂದ ನನ್ನ ಅಮ್ಮ, ಅಳಿಯ ಹಾಕಿದ ಮೊದಲ ಹನಿಗೇ "ಅಯ್ಯಯ್ಯೋ, ಸುಟ್ಟುಹೋಯ್ತು!" ಎಂದು ಕಿರುಚಿದರೆ ಅವರ ಮುಖ ಹೇಗಾಗಿರಬೇಡ? ಹಾಕುವ ಕೆಲಸ ನನ್ನದೇ ಆಗಬಹುದಿತ್ತು. ಆದರೆ ನಾನು ಹಾಕಿದರೆ ಗುರಿ ತಪ್ಪಿ ಹನಿಯೆಲ್ಲ ಅಮ್ಮನ ಮೂಗಿನ ಮೇಲೆ ಬೀಳುತ್ತದೆ.

"ಡ್ರಾಪ್ಸ್ ಚೆನ್ನಾಗೇ ಇರಬಹುದು, ಅಳಿಯಂದ್ರ ಕೈಗುಣ ಸರಿಯಿಲ್ಲ" ಎಂದು ಅಮ್ಮ ತೀರ್ಪಿತ್ತಳು. ಯಜಮಾನರು ಬಿಡುತ್ತಾರೆಯೇ? ಬಣ್ಣ ಬದಲಾಯಿಸುವ ಪರೀಕ್ಷೆಯ ಕಾಗದ ತಂದು, ಊಟದ ಮೇಜಿನ ಮೇಲೇ ಅದಕ್ಕೆ ಒಂದು ಹನಿ ಹಾಕಿ, "ನೋಡಿ ಅತ್ತೆ, ಬಣ್ಣ ಸರಿಯಾಗೇ ಇದೆ" ಎಂದು ಅವಳ ಮುಖದ ಮುಂದೆ ಹಿಡಿದರು. "ಕಾಣೋ ಹಾಗಿದ್ರೆ ಆಪರೇಷನ್ ಯಾಕೆ ಮಾಡಿಸ್ಕೋತಿದ್ದೆ?" ಎಂದಳು ಅಮ್ಮ. ಅಲ್ಲಿಗೆ ಅತ್ತೆ-ಅಳಿಯರ ನೇರ ಮಾತುಕತೆ ಮುಗಿದು, ನನ್ನ ಬಫರ್ ವೃತ್ತಿ ಆರಂಭವಾಯಿತು.

"ನಿನ್ನ ಗಂಡನ ಕಾರ್ಖಾನೇಲಿ ಮೆಣಸಿನಪುಡಿ ಕಲಸ್ತಾರಾ ಕೇಳು" ಎಂದು ಅಮ್ಮ ಅಂದದ್ದು ಅಡುಗೆಮನೆಯಿಂದ ಹಾಲ್‌ಗೆ ಬರುವಷ್ಟರಲ್ಲಿ "ಅಮ್ಮನಿಗೆ ಸ್ವಲ್ಪ ಉರಿ ಅನ್ನಿಸ್ತಂತೆ" ಎಂದಾಗಿರುತ್ತಿತ್ತು. "ಹುಳಿ ಇರೋದು ಔಷಧೀಲಲ್ಲ, ನಿಮ್ಮಮ್ಮನ ನಾಲಿಗೇಲಿ" ಎಂದು ಇವರು ಅಂದದ್ದು "ಅವರು ವಿಚಾರಿಸ್ತಾರಂತೆ" ಎಂದಾಗಿ ಹಿಂತಿರುಗುತ್ತಿತ್ತು. ಮಾನ್ಯರೇ, ರಕ್ತದಲ್ಲಿ ಇದೇ ಕೆಲಸ ಮಾಡುವ ತಮ್ಮ ಬಂಧುಗಳಿಗೆ ಉಸಿರಿನಲ್ಲಿ ಒಂದಷ್ಟು ಆಮ್ಲವನ್ನು ಹೊರಹಾಕಿಕೊಡಲು ಶ್ವಾಸಕೋಶವಿದೆ, ಉಳಿದದ್ದಕ್ಕೆ ಮೂತ್ರಪಿಂಡಗಳಿವೆ. ನನಗಿದ್ದದ್ದು ಬಚ್ಚಲುಮನೆಯ ನಲ್ಲಿಯೊಂದೇ. ಅದನ್ನು ಜೋರಾಗಿ ಬಿಟ್ಟು, ಅದರ ಸದ್ದಿನಲ್ಲಿ ಇಬ್ಬರನ್ನೂ ಬೈದು ಬರುತ್ತಿದ್ದೆ.

ತಮಗೂ ಒಂದು ಮಿತಿಯಿದೆಯಂತೆ. ಅದು ದಾಟಿದ ಮೇಲೆ ಒಂದೇ ತೊಟ್ಟು ಆಮ್ಲಕ್ಕೂ ಇಡೀ ದ್ರಾವಣದ ಹದ ಕುಸಿಯುತ್ತದಂತೆ. ನನ್ನ ಮಿತಿ ಮುಗಿದದ್ದು ಅಮ್ಮ ಕಣ್ಣು ಬಿಗಿಯಾಗಿ ಮುಚ್ಚಿ "ಇನ್ನು ಹನಿ ಬೇಡವೇ ಬೇಡ" ಎಂದ ದಿನ. ಡ್ರಾಪ್ಸ್ ನಿಲ್ಲಿಸಿದರೆ ಕಣ್ಣಿಗೆ ಸೋಂಕು ತಗಲಬಹುದು, ದೃಷ್ಟಿಯೇ ಹೋಗಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು. ಬಟ್ಟೆ ಹೊಲಿದು ನನ್ನನ್ನು ಬೆಳೆಸಿದವಳು ಸೂಜಿಗೆ ದಾರ ಪೋಣಿಸಲಾರದೆ ಕೂರುತ್ತಾಳಲ್ಲ ಎಂದು ನನಗೆ ನಿಜಕ್ಕೂ ಭಯವಾಯಿತು. ಆ ಭಯದಲ್ಲಿ ಅವಳ ಮಾತನ್ನು ಇವರಿಗೂ ಇವರ ಮಾತನ್ನು ಅವಳಿಗೂ ಒಂದು ತೊಟ್ಟು ನೀರು ಬೆರೆಸದೆ, ಇದ್ದದ್ದು ಇದ್ದ ಹಾಗೆ ಒಪ್ಪಿಸಿಬಿಟ್ಟೆ.

ಯಜಮಾನರು ಕೆಂಡವಾದರು. "ನನ್ನ ಕಣ್ಣಿಗೇ ಹಾಕ್ಕೊಂಡು ತೋರಿಸ್ತೀನಿ" ಎಂದು ಹೊಸ ಸೀಸೆ ತೆರೆದು, ಕಾರ್ಖಾನೆಯ ಶಿಸ್ತಿನಂತೆ ಕೈಗೆ ಧಾರಾಳವಾಗಿ ಸ್ಯಾನಿಟೈಸರ್ ಸುರಿದುಕೊಂಡು, ಅದು ಆರುವ ಮೊದಲೇ, ಅಮ್ಮನಿಗೆ ದಿನವೂ ಮಾಡುತ್ತಿದ್ದಂತೆಯೇ, ಒದ್ದೆ ಬೆರಳಿನಿಂದ ತಮ್ಮದೇ ಕೆಳರೆಪ್ಪೆಯನ್ನು ಎಳೆದರು. ಹನಿ ಇನ್ನೂ ಸೀಸೆಯಲ್ಲೇ ಇತ್ತು. ಯಜಮಾನರು ಆಗಲೇ ಹಾಲ್ ತುಂಬ ಕುಣಿಯುತ್ತಿದ್ದರು.

"ಹೇಳಲಿಲ್ವಾ, ಕೈಗುಣ ಅಂತ!" ಎಂದು ಅಮ್ಮ ಬಿದ್ದು ಬಿದ್ದು ನಕ್ಕಳು. ಇವರೂ ಒಂದು ಕಣ್ಣು ಒತ್ತಿಕೊಂಡೇ ನಕ್ಕರು. ನಾನೂ ನಗೋಣವೆಂದು ಬಾಯಿ ತೆರೆಯುವಷ್ಟರಲ್ಲಿ "ಈ ಸ್ಯಾನಿಟೈಸರ್ ತಂದದ್ದು ಯಾರು?" ಎಂಬ ಪ್ರಶ್ನೆ ಎದ್ದಿತು. ತಂದದ್ದು ನಾನು. "ಅವಳು ಚಿಕ್ಕಂದಿನಿಂದಲೂ ಹಾಗೇ" ಎಂದು ಅಮ್ಮ, "ನನಗೂ ಅನುಭವ ಇದೆ ಬಿಡಿ ಅತ್ತೆ" ಎಂದು ಇವರು. ಅಂದಿನಿಂದ ಅವರಿಬ್ಬರ ಹದ ಬಹಳ ಚೆನ್ನಾಗಿದೆ.

ಆದ್ದರಿಂದ ತಾವು ದಯಮಾಡಿ ಸೀಸೆಯಿಂದ ಇಳಿದು ಬಂದು, ಕೆಲವು ದಿನ ನಮ್ಮ ಹಾಲ್‌ನಲ್ಲಿ ಅವರಿಬ್ಬರ ನಡುವೆ ಕೂತು, ನನಗೆ ರಜೆ ಕೊಡಿಸಬೇಕು. ಅದಾಗದಿದ್ದರೆ ನನಗೂ ಒಂದು ಜೊತೆ ಮೂತ್ರಪಿಂಡವನ್ನು ಹೆಚ್ಚುವರಿಯಾಗಿ ಮಂಜೂರು ಮಾಡಿಸಬೇಕಾಗಿ ಪ್ರಾರ್ಥನೆ.

ಇನ್ನೂ ಪೂರ್ತಿ ಖರ್ಚಾಗಿ ಹೋಗದ
ತಮ್ಮ ವಿಶ್ವಾಸಿ,
ಅವಳ ಮಗಳು, ಇವರ ಹೆಂಡತಿ

ತಾ.ಕ.: ಅಮ್ಮನ ಕಣ್ಣು ವಾಸಿಯಾಗಿದೆ, ನಿನ್ನೆ ತಾನೇ ಸೂಜಿಗೆ ದಾರ ಪೋಣಿಸಿದಳು. ಡಾಕ್ಟರ ಮುಂದೆ ಇವರು "ನಮ್ಮ ಕಾರ್ಖಾನೆಯ ಡ್ರಾಪ್ಸ್" ಎಂದರು, ಅಮ್ಮ "ನಮ್ಮ ಅಳಿಯಂದ್ರ ಕೈಗುಣ" ಎಂದಳು. ನನ್ನತ್ತ ತಿರುಗಿದ ಡಾಕ್ಟರಿಗೆ ಇಬ್ಬರೂ ಒಟ್ಟಿಗೆ "ಇವಳು ಸುಮ್ನೆ ಜೊತೆಗೆ ಬಂದಿದಾಳೆ" ಎಂದರು. ಮನೆಗೆ ಬಂದು ಡ್ರಾಪ್ಸ್ ಡಬ್ಬಿಯನ್ನು ಓದಿದೆ. ತಮ್ಮ ಹೆಸರನ್ನು 'ನಿಷ್ಕ್ರಿಯ ಪದಾರ್ಥಗಳು' ಎಂಬಲ್ಲಿ ಅಚ್ಚು ಹಾಕಿದ್ದಾರೆ. ದಯವಿಟ್ಟು ಸ್ವಲ್ಪ ಸರಿದು ಕೂತು ನನಗೂ ಜಾಗ ಕೊಡಿ.